ಕೀಟನಾಶಕ ಲೇಪಿತ ಸೊಳ್ಳೆಪರದೆಗಳ ಮೌಲ್ಯಮಾಪನ

ಕೀಟನಾಶಕ ಲೇಪಿತ ಸೊಳ್ಳೆಪರದೆಯು ಮಲೇರಿಯ ನಿಯಂತ್ರಣದಲ್ಲಿ ಬಳಕೆಯಾಗುವ ಪ್ರಮುಖ ಸಾಧನಗಳಲ್ಲಿ ಒಂದು. ಸಾಮಾನ್ಯ ಪರದೆಯು ಮಲಗಿದವರಿಗೂ ಸೊಳ್ಳೆಗೂ ನಡುವೆ ತಡೆಯಾಗಿ ಮಾತ್ರ ನಿಲ್ಲುತ್ತದೆ. ಲೇಪಿತ ಪರದೆಯಾದರೋ ತನ್ನ ಮೇಲೆ ಕುಳಿತ ಸೊಳ್ಳೆಯನ್ನು ಕೊಲ್ಲುತ್ತದೆ, ಅಥವಾ ಕಚ್ಚದಂತೆ ಹಿಮ್ಮೆಟ್ಟಿಸುತ್ತದೆ. ಇಂತಹ ಪರದೆ ನಿಜವಾಗಿಯೂ ರೋಗವನ್ನು ತಗ್ಗಿಸುತ್ತದೆಯೇ, ಎಷ್ಟು ಕಾಲ ತಗ್ಗಿಸುತ್ತದೆ, ಯಾವ ಊರಿಗೆ ಅದು ಸಲ್ಲುತ್ತದೆ ಎಂಬುದನ್ನು ಅಳೆದು ನೋಡುವ ಕ್ರಮವೇ ಅದರ ಮೌಲ್ಯಮಾಪನ. ಪ್ರಯೋಗಾಲಯ, ಪ್ರಾಯೋಗಿಕ ಗುಡಿಸಲು ಮತ್ತು ಹಳ್ಳಿ ಎಂಬ ಮೂರು ನೆಲೆಗಳಲ್ಲಿ ಈ ಕೆಲಸ ನಡೆಯುತ್ತದೆ. ಕರ್ನಾಟಕದ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಂತಹ ರೇಷ್ಮೆ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಒಂದು ತೊಡಕು ಉಂಟು. ಅಲ್ಲಿ ಮನೆಯೊಳಗೆ ಸೊಳ್ಳೆಯನ್ನು ಕೊಲ್ಲುವ ವಿಷವು ಅದೇ ಮನೆಯ ಜೀವನಾಧಾರವಾದ ರೇಷ್ಮೆಹುಳುವನ್ನೂ ಕೊಲ್ಲಬಲ್ಲದು.

ಹಿನ್ನೆಲೆ

ಮಲೇರಿಯವನ್ನು ಕನ್ನಡ ನಾಡಿನಲ್ಲಿ ಚಳಿಜ್ವರ ಎಂದು ಕರೆಯುವ ರೂಢಿಯಿದೆ. ಈ ರೋಗವು ಪ್ಲಾಸ್ಮೋಡಿಯಂ ಎಂಬ ಪರಾವಲಂಬಿಯಿಂದ ಉಂಟಾಗಿ, ಹೆಣ್ಣು ಅನಾಫಿಲಿಸ್ ಸೊಳ್ಳೆಯ ಮೂಲಕ ಹರಡುತ್ತದೆ. ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಈ ಪರಾವಲಂಬಿಯನ್ನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್, ಅದಕ್ಕೂ ಮುನ್ನ 1880ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿರುವುದನ್ನು ಕಂಡು ನೀರನ್ನು ಚೆಲ್ಲಿಸಿದಾಗ ಮನೆಯ ಸೊಳ್ಳೆಗಳು ಕಡಿಮೆಯಾದವೆಂದು ಆತನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಒಂದು ಕ್ರಮವನ್ನು ಕೈಗೊಂಡು, ಅದರ ಮುನ್ನ ಮತ್ತು ನಂತರದ ಸ್ಥಿತಿಯನ್ನು ಹೋಲಿಸಿ ನೋಡುವುದು ಮೌಲ್ಯಮಾಪನದ ಅತ್ಯಂತ ಸರಳ ರೂಪ. ಅದರ ದೌರ್ಬಲ್ಯವೂ ಅಲ್ಲೇ ಇದೆ. ಅದನ್ನು ಮುಂದೆ ನೋಡಬಹುದು.

ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯ ಸಂಶೋಧನೆ ನಡೆಯಿತು. ಅಲ್ಲಿ ಕೆಲಸ ಮಾಡಿದ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಬಗೆಯನ್ನು ಅದರ ಮೊಟ್ಟೆಯ ಲಕ್ಷಣಗಳ ಆಧಾರದ ಮೇಲೆ ಗುರುತಿಸಿ ‘ಮೈಸೂರೆನ್ಸಿಸ್’ ಎಂದು ಹೆಸರಿಸಿದರು. ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಗಿ ಮಾರ್ಪಟ್ಟಿತು. ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವುದೇ ಅದರ ಮುಖ್ಯ ಅಸ್ತ್ರ. ಆರಂಭದಲ್ಲಿ ರೋಗವು ಬಹುಮಟ್ಟಿಗೆ ತಗ್ಗಿತಾದರೂ ಕ್ರಮೇಣ ಮರುಕಳಿಸಿ, 1976ರಲ್ಲಿ ದೇಶದಾದ್ಯಂತ ಸುಮಾರು 64 ಲಕ್ಷ ಪ್ರಕರಣಗಳು ದಾಖಲಾದವು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡಿದ್ದುದು ಇದರ ಕಾರಣಗಳಲ್ಲೊಂದು. ಬೇರೆ ಸಾಧನಗಳ ಹುಡುಕಾಟ ಗಂಭೀರವಾಗಿ ತೊಡಗಿದ್ದು ಈ ಹಿನ್ನಡೆಯ ಬಳಿಕ.

ಪರದೆಯ ಬಗೆಗಳು

ಪರದೆಗೆ ಬಳಸುವ ಕೀಟನಾಶಕಗಳು ಪೈರೆಥ್ರಾಯ್ಡ್ ಎಂಬ ಗುಂಪಿಗೆ ಸೇರಿದವು. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿ ಸಹಜವಾಗಿರುವ ಪೈರೆಥ್ರಿನ್ ಅಂಶವನ್ನು ಮಾದರಿಯಾಗಿಟ್ಟುಕೊಂಡು ಇವನ್ನು ಕೃತಕವಾಗಿ ತಯಾರಿಸಲಾಗಿದೆ. ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಆಲ್ಫಾಸೈಪರ್ಮೆಥ್ರಿನ್ ಇವುಗಳಲ್ಲಿ ಮುಖ್ಯವಾದವು. ಇವು ಕೀಟಗಳ ನರಮಂಡಲವನ್ನು ಅತ್ಯಲ್ಪ ಪ್ರಮಾಣದಲ್ಲೇ ಕೆಡಿಸುತ್ತವೆ. ಪರದೆಯಲ್ಲಿರುವ ಪ್ರಮಾಣದಲ್ಲಿ ಮನುಷ್ಯನಿಗೆ ಹಾನಿ ಬಹಳ ಕಡಿಮೆ.

ಮೊದಲ ತಲೆಮಾರಿನ ಪರದೆಗಳನ್ನು ಔಷಧ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕಾಗಿತ್ತು. ಆರು ತಿಂಗಳಿಂದ ಒಂದು ವರ್ಷದೊಳಗೆ ಅಥವಾ ಕೆಲವು ಬಾರಿ ಒಗೆದ ನಂತರ ಪರಿಣಾಮ ಕುಂದುತ್ತಿದ್ದುದರಿಂದ ಮತ್ತೆ ಅದ್ದಬೇಕಿತ್ತು. ಎಷ್ಟೋ ಕಡೆ ಎರಡನೆಯ ಬಾರಿ ಅದ್ದುವ ಕೆಲಸ ನಡೆಯುತ್ತಲೇ ಇರಲಿಲ್ಲ. ಈ ಕೊರತೆಯನ್ನು ನೀಗಲು ಬಂದದ್ದು ದೀರ್ಘಬಾಳಿಕೆಯ ಪರದೆ. ಇದರಲ್ಲಿ ಕಾರ್ಖಾನೆಯಲ್ಲೇ ಕೀಟನಾಶಕವನ್ನು ನೂಲಿನೊಳಗೆ ಬೆರೆಸಿರುತ್ತಾರೆ, ಇಲ್ಲವೇ ಅಂಟುಪದಾರ್ಥದೊಡನೆ ನೂಲಿನ ಮೇಲೆ ಬಂಧಿಸಿರುತ್ತಾರೆ. ಮೇಲ್ಮೈಯ ಔಷಧ ತೊಳೆದುಹೋದಂತೆ ಒಳಗಿನದು ನಿಧಾನವಾಗಿ ಹೊರಬರುತ್ತದೆ. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಂತಹ ಪರದೆಗಳ ವಿತರಣೆ 2009ರಿಂದ ಆರಂಭವಾಯಿತು.

ಪ್ರಯೋಗಾಲಯದ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವ ಶಂಕು ಪರೀಕ್ಷೆಯಲ್ಲಿ ಪರದೆಯ ತುಂಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶಂಕುವೊಂದನ್ನು ಕವುಚಿ, ಅದರೊಳಗೆ ರಕ್ತ ಹೀರಿರದ ಐದು ಹೆಣ್ಣು ಸೊಳ್ಳೆಗಳನ್ನು ಬಿಡಲಾಗುತ್ತದೆ. ಮೂರು ನಿಮಿಷಗಳ ಬಳಿಕ ಅವನ್ನು ಹೊರತೆಗೆದು, ಸಕ್ಕರೆ ನೀರು ಕೊಟ್ಟು ಬೇರೆಯಾಗಿ ಇಡುತ್ತಾರೆ. ಒಂದು ಗಂಟೆಯಾದಾಗ ಎಷ್ಟು ಸೊಳ್ಳೆಗಳು ನೆಲಕಚ್ಚಿವೆ, 24 ಗಂಟೆಗಳಾದಾಗ ಎಷ್ಟು ಸತ್ತಿವೆ ಎಂಬುದನ್ನು ಎಣಿಸಲಾಗುತ್ತದೆ. ಶೇ. 95ರಷ್ಟು ನೆಲಕಚ್ಚಿದ್ದರೆ ಅಥವಾ ಶೇ. 80ರಷ್ಟು ಸತ್ತಿದ್ದರೆ ಪರದೆ ತೇರ್ಗಡೆಯಾದಂತೆ. ದೀರ್ಘಬಾಳಿಕೆಯ ಪರದೆಯು ನಿಗದಿತ ಕ್ರಮದಲ್ಲಿ 20 ಬಾರಿ ಒಗೆದ ಮೇಲೂ ಈ ಮಟ್ಟವನ್ನು ಮುಟ್ಟಬೇಕು.

ಹೋಲಿಕೆಗಾಗಿ ಔಷಧವಿಲ್ಲದ ಪರದೆಯ ಮೇಲೂ ಅದೇ ಸಮಯದಲ್ಲಿ ಅಷ್ಟೇ ಸೊಳ್ಳೆಗಳನ್ನು ಬಿಡುವುದು ಕಡ್ಡಾಯ. ಕೋಣೆಯ ಸೆಕೆಯಿಂದಲೋ ಕೈ ತಗುಲಿದ್ದರಿಂದಲೋ ಸತ್ತ ಸೊಳ್ಳೆಯನ್ನು ಔಷಧದ ಖಾತೆಗೆ ಬರೆದುಕೊಳ್ಳಬಾರದಷ್ಟೆ.

ಗುಡಿಸಲಿನಿಂದ ಹಳ್ಳಿಗೆ

ಎರಡನೆಯ ಹಂತದಲ್ಲಿ ವಿಶೇಷವಾಗಿ ಕಟ್ಟಿದ ಪ್ರಾಯೋಗಿಕ ಗುಡಿಸಲುಗಳನ್ನು ಬಳಸುತ್ತಾರೆ. ಸ್ವಯಂಸೇವಕರು ರಾತ್ರಿ ಪರದೆಯೊಳಗೆ ಮಲಗುತ್ತಾರೆ. ಹೊರಗಿನಿಂದ ಸೊಳ್ಳೆ ಒಳಬರಬಹುದು, ಆದರೆ ಒಳಗಿನಿಂದ ಹೊರಹೋಗುವ ಸೊಳ್ಳೆ ಜಗಲಿಯ ಬಲೆಯಲ್ಲಿ ಸಿಕ್ಕಿಬೀಳುವಂತೆ ಗುಡಿಸಲನ್ನು ರಚಿಸಿರುತ್ತಾರೆ. ಬೆಳಿಗ್ಗೆ ಸತ್ತವು, ಬದುಕಿದವು, ರಕ್ತ ಹೀರಿದವು, ಹೀರದವು ಎಂದು ವಿಂಗಡಿಸಿದರೆ, ಪರದೆಯು ಸೊಳ್ಳೆಯನ್ನು ಕೊಲ್ಲುವುದೋ ಅಟ್ಟುವುದೋ ಎಂಬುದು ತಿಳಿಯುತ್ತದೆ. ಪರದೆಗೆ ಉದ್ದೇಶಪೂರ್ವಕವಾಗಿ ತೂತುಗಳನ್ನು ಕತ್ತರಿಸಿ ಪರೀಕ್ಷಿಸುವುದು ಇಲ್ಲಿನ ಪದ್ಧತಿ, ಏಕೆಂದರೆ ಮನೆಗಳಲ್ಲಿ ಪರದೆ ಹರಿಯದೆ ಉಳಿಯುವುದು ಅಪರೂಪ.

ಮೂರನೆಯದು ಹಳ್ಳಿಗಳಲ್ಲಿ ನಡೆಯುವ ದೀರ್ಘಾವಧಿಯ ಪರೀಕ್ಷೆ. ಇಲ್ಲಿ ಕೆಲವು ಹಳ್ಳಿಗಳಿಗೆ ಲೇಪಿತ ಪರದೆ, ಕೆಲವಕ್ಕೆ ಸಾದಾ ಪರದೆ ಅಥವಾ ರೂಢಿಯ ಕ್ರಮ ಎಂದು ಚೀಟಿ ಎತ್ತುವ ರೀತಿಯಲ್ಲಿ ಹಂಚಲಾಗುತ್ತದೆ. ವ್ಯಕ್ತಿಗಳನ್ನಲ್ಲದೆ ಇಡೀ ಹಳ್ಳಿಗಳನ್ನೇ ಹಂಚುವುದಕ್ಕೆ ಕಾರಣವುಂಟು. ಒಂದು ಮನೆಯ ಪರದೆ ಕೊಂದ ಸೊಳ್ಳೆ ಪಕ್ಕದ ಮನೆಯವರನ್ನು ಕಚ್ಚಲಾರದು. ಪಶ್ಚಿಮ ಕೀನ್ಯಾದ ಅಧ್ಯಯನದಲ್ಲಿ, ಪರದೆ ಪಡೆದ ಹಳ್ಳಿಗಳಿಂದ 300 ಮೀಟರ್ ಒಳಗಿದ್ದ, ಪರದೆಯಿಲ್ಲದ ಮನೆಗಳ ಮಕ್ಕಳಿಗೂ ರಕ್ಷಣೆ ದೊರೆತಿತ್ತು. ಒಂದೇ ಬೀದಿಯ ಎಡ ಸಾಲಿಗೆ ಪರದೆ ಕೊಟ್ಟು ಬಲ ಸಾಲನ್ನು ಹೋಲಿಕೆಗೆ ಇಟ್ಟರೆ, ಎರಡೂ ಸಾಲುಗಳಲ್ಲಿ ರೋಗ ತಗ್ಗಿ, ‘ಪರದೆಯಿಂದ ಪ್ರಯೋಜನವಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ.

ಈ ಬಗೆಯ ಅಧ್ಯಯನಗಳಲ್ಲಿ ಬಹಳ ಚರ್ಚಿತವಾದದ್ದು ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ್ದು. 1991ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಒಟ್ಟು ಸಾವು ಶೇ. 63ರಷ್ಟು ಕಡಿಮೆಯಾಗಿತ್ತು. ಅದೇ ದೇಶದಲ್ಲಿ ಪರದೆ ಅದ್ದುವ ಕೆಲಸವನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ವಿಸ್ತರಿಸಿದಾಗ, 1995ರ ವರದಿಯಂತೆ, ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಕಂಡ ಇಳಿಕೆ ಶೇ. 25. ವಯೋಮಾನವೂ ಸಂದರ್ಭವೂ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ತೂಗಲಾಗದು. ಆದರೂ ಸಂಶೋಧಕರ ಕಣ್ಗಾವಲಿನಲ್ಲಿ ನಡೆದ ಪ್ರಯೋಗಕ್ಕೂ ದಿನನಿತ್ಯದ ಸರ್ಕಾರಿ ವ್ಯವಸ್ಥೆಗೂ ಇರುವ ಅಂತರವನ್ನು ಈ ಎರಡು ಅಂಕಿಗಳು ಚೆನ್ನಾಗಿ ತೋರುತ್ತವೆ. 2004ರಲ್ಲಿ ಲೆಂಗೆಲರ್ ಎಂಬ ತಜ್ಞರು 22 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಲೇಪಿತ ಪರದೆಗಳು ಪರದೆಯೇ ಇಲ್ಲದ ಸ್ಥಿತಿಗೆ ಹೋಲಿಸಿದರೆ ಮಕ್ಕಳ ಸಾವನ್ನು ಸುಮಾರು ಶೇ. 17ರಷ್ಟು ತಗ್ಗಿಸುತ್ತವೆ, ಮಲೇರಿಯದ ಬಾಧೆಯನ್ನು ಸರಿಸುಮಾರು ಅರ್ಧಕ್ಕೆ ಇಳಿಸುತ್ತವೆ ಎಂದು ತಿಳಿಯಿತು.

ಭಾರತದಲ್ಲಿ

ಅಸ್ಸಾಂ ಹಾಗೂ ಒಡಿಶಾದ ಸುಂದರಗಢ ಜಿಲ್ಲೆಗಳಲ್ಲಿ 1990ರ ದಶಕದಲ್ಲಿ ಲೇಪಿತ ಪರದೆಗಳ ಪರೀಕ್ಷೆಗಳು ನಡೆದವು. 1977ರಲ್ಲಿ ಸ್ಥಾಪಿತವಾದ ಮಲೇರಿಯ ಸಂಶೋಧನಾ ಕೇಂದ್ರವು (ಇಂದಿನ ರಾಷ್ಟ್ರೀಯ ಮಲೇರಿಯ ಸಂಶೋಧನಾ ಸಂಸ್ಥೆ) ಇಂತಹ ಕೆಲಸದಲ್ಲಿ ಮುಂದಾಳಾಗಿದೆ. ಬೆಂಗಳೂರಿನಲ್ಲಿಯೂ ಅದರ ಕ್ಷೇತ್ರ ಘಟಕವಿದೆ. ಒಡಿಶಾದಲ್ಲಿ 2017ರ ವೇಳೆಗೆ ಒಂದು ಕೋಟಿಗೂ ಹೆಚ್ಚು ದೀರ್ಘಬಾಳಿಕೆಯ ಪರದೆಗಳನ್ನು ಹಂಚಲಾಯಿತು. 2016ರಲ್ಲಿ ಸುಮಾರು 4.4 ಲಕ್ಷವಿದ್ದ ಪ್ರಕರಣಗಳು 2018ರಲ್ಲಿ ಸುಮಾರು 66 ಸಾವಿರಕ್ಕೆ ಇಳಿದವು. ಇದು ಪರದೆಯ ವಿಜಯವೆಂದು ಹೇಳುವ ಮುನ್ನ ಒಂದು ಮಾತು: ಅದೇ ವರ್ಷಗಳಲ್ಲಿ ದುರ್ಗಮ ಪ್ರದೇಶಗಳ ಜನರನ್ನೆಲ್ಲ ಪರೀಕ್ಷಿಸಿ ಚಿಕಿತ್ಸೆ ನೀಡುವ ‘ದಮನ್’ ಕಾರ್ಯಕ್ರಮವೂ ನಡೆಯುತ್ತಿತ್ತು. ಎರಡು ಕೆಲಸಗಳು ಒಟ್ಟಿಗೆ ನಡೆದಾಗ ಯಾವುದರ ಪಾಲು ಎಷ್ಟೆಂದು ಮುನ್ನ–ನಂತರದ ಹೋಲಿಕೆಯಿಂದ ಬಿಡಿಸಲು ಬರುವುದಿಲ್ಲ.

ಕರ್ನಾಟಕದಲ್ಲಿ ಬಯಲುಸೀಮೆಯ ಹಳ್ಳಿಗಳ ಮುಖ್ಯ ರೋಗವಾಹಕ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ನಗರಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ. ಕ್ಯೂಲಿಸಿಫೇಸಿಸ್ ಎಂಬುದು ಕಣ್ಣಿಗೆ ಒಂದೇ ಆಗಿ ಕಂಡರೂ ಎ, ಬಿ, ಸಿ, ಡಿ, ಇ ಎಂಬ ಐದು ಸೋದರ ಪ್ರಭೇದಗಳ ಗುಂಪು. ಇವುಗಳಲ್ಲಿ ಬಿ ಪ್ರಭೇದವು ರೋಗ ಹರಡುವುದರಲ್ಲಿ ಬಹಳ ದುರ್ಬಲ, ಎ ಪ್ರಭೇದವು ಸಮರ್ಥ. ಅಂದಮೇಲೆ ಹಳ್ಳಿಯಲ್ಲಿ ಹಿಡಿದ ಸೊಳ್ಳೆಗಳ ಒಟ್ಟು ಸಂಖ್ಯೆ ಇಳಿಯಿತು ಎಂದಷ್ಟೇ ಬರೆದರೆ ಸಾಲದು. ಇಳಿದದ್ದು ಯಾವುದು ಎಂಬುದು ಮುಖ್ಯ. ಇದಲ್ಲದೆ ಈ ಸೊಳ್ಳೆಗೆ ಮನುಷ್ಯನಿಗಿಂತ ದನಗಳ ರಕ್ತದ ಮೇಲೆ ಒಲವು ಹೆಚ್ಚು. ಹಗಲು ಅದು ಮನೆಯ ಗೋಡೆಯ ಮೇಲೂ ಕೊಟ್ಟಿಗೆಯಲ್ಲೂ ವಿಶ್ರಮಿಸುತ್ತದೆ. ಕೊಟ್ಟಿಗೆಯಲ್ಲಿ ದನವನ್ನು ಕಚ್ಚಿ ಅಲ್ಲೇ ಉಳಿಯುವ ಸೊಳ್ಳೆಯು ಮಲಗುವ ಕೋಣೆಯ ಪರದೆಯನ್ನು ಮುಟ್ಟುವುದೇ ಇಲ್ಲ. ಮನುಷ್ಯರನ್ನೇ ಅರಸಿಬರುವ ಆಫ್ರಿಕದ ಸೊಳ್ಳೆಗಳ ಮೇಲೆ ಪರದೆ ತೋರಿದ ಪರಿಣಾಮವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದಿರುವುದು ಇದರಿಂದಲೇ.

ರೇಷ್ಮೆ ಸೀಮೆಯ ಪ್ರಶ್ನೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರದಿಂದ ಬೇರ್ಪಟ್ಟಿತು. ಶಿಡ್ಲಘಟ್ಟ ಮತ್ತು ಚಿಂತಾಮಣಿ ರೇಷ್ಮೆಗೆ ಹೆಸರಾದ ಊರುಗಳು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹಿಂದೆ ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದು ಈಚೆಗೆ ತಾಲ್ಲೂಕಾದ ಮಂಚೇನಹಳ್ಳಿಯ ಸುತ್ತಲೂ ಹಿಪ್ಪುನೇರಳೆ ತೋಟಗಳಿವೆ. ಅನೇಕ ಕುಟುಂಬಗಳಲ್ಲಿ ಹುಳು ಸಾಕುವ ಜಾಗವೂ ಜನ ಮಲಗುವ ಜಾಗವೂ ಒಂದೇ ಸೂರಿನಡಿ ಇರುತ್ತವೆ. ತಟ್ಟೆ, ಚಂದ್ರಿಕೆಗಳೊಂದಿಗೇ ಬದುಕು. ಹುಳು ಪೊರೆ ಬಿಡುವ ಹಂತವನ್ನು ಇಲ್ಲಿನ ರೈತರು ‘ಜ್ವರ’ ಎಂದೇ ಕರೆಯುತ್ತಾರೆ. ಗೂಡು ಕಟ್ಟುವ ಮುನ್ನ ಹುಳು ನಾಲ್ಕು ಜ್ವರಗಳನ್ನು ದಾಟಬೇಕು. ಮನೆಯವರ ಜ್ವರಕ್ಕೆ ತಂದ ಮದ್ದು ಹುಳುವಿಗೆ ಮುಳುವಾಗಬಾರದೆಂಬುದು ಇಲ್ಲಿನ ಬಿಕ್ಕಟ್ಟು.

ಡಿಡಿಟಿಯಾಗಲಿ ಪೈರೆಥ್ರಾಯ್ಡ್ ಆಗಲಿ, ಸೊಳ್ಳೆಗೂ ರೇಷ್ಮೆಹುಳುವಿಗೂ ಭೇದವೆಣಿಸುವುದಿಲ್ಲ. ಹಿಪ್ಪುನೇರಳೆ ಎಲೆಗೆ ತಗುಲಿದ ಅತ್ಯಲ್ಪ ಔಷಧವೂ ಇಡೀ ಬೆಳೆಯನ್ನು ನಾಶಮಾಡಬಲ್ಲದು. ಗೋಡೆಗೆ ಔಷಧ ಸಿಂಪಡಿಸುವವರು ಬಂದಾಗ ರೇಷ್ಮೆ ಬೆಳೆಗಾರರು ಬಾಗಿಲು ತೆರೆಯದಿದ್ದುದು ಈ ಕಾರಣಕ್ಕೆ. ಅದನ್ನು ಅಜ್ಞಾನವೆಂದು ಬರೆಯುವುದು ನ್ಯಾಯವಲ್ಲ. ಒಂದು ತಿಂಗಳ ದುಡಿಮೆಯನ್ನೂ ಸಾಲದ ಕಂತನ್ನೂ ಪಣಕ್ಕಿಟ್ಟವನ ಲೆಕ್ಕಾಚಾರ ಅದು.

ಈ ಬಿಕ್ಕಟ್ಟಿಗೆ ಕೋಲಾರ ಜಿಲ್ಲೆಯಲ್ಲಿ ದೊರೆತ ಉತ್ತರ ಪರದೆಯಲ್ಲ, ಮೀನು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಪ್ರದೇಶದ ಹಳ್ಳಿಗಳ ಬಾವಿಗಳಿಗೆ 1990ರ ದಶಕದಲ್ಲಿ ಗಪ್ಪಿ ಮೀನುಗಳನ್ನು ಬಿಡಲಾಯಿತು. ಸೊಳ್ಳೆಮರಿಗಳನ್ನು ತಿನ್ನುವ ಇನ್ನೊಂದು ಮೀನಾದ ಗ್ಯಾಂಬೂಸಿಯ 1928ರಲ್ಲೇ ಇಟಲಿಯಿಂದ ಭಾರತಕ್ಕೆ ಬಂದಿತ್ತು. ಎಸ್. ಕೆ. ಘೋಷ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಒಳಗುಟ್ಟನ್ನು ವಿವರಿಸುತ್ತದೆ. ಬಾವಿಗಳಲ್ಲಿ ಬಿಟ್ಟ ಮೀನುಗಳು ರೋಗ ಹರಡಬಲ್ಲ ಸೋದರ ಪ್ರಭೇದದ ಮೇಲೇ ನೇರವಾಗಿ ಎರಗಿದ್ದವು. ಸೊಳ್ಳೆಗಳೆಲ್ಲ ಅಳಿಯದಿದ್ದರೂ ಅಳಿಯಬೇಕಾದ್ದು ಅಳಿದಿದ್ದರಿಂದ ಮಲೇರಿಯ ತಗ್ಗಿತು. ಒಟ್ಟು ಸೊಳ್ಳೆಗಳನ್ನಷ್ಟೇ ಎಣಿಸಿದ್ದರೆ ಈ ಕ್ರಮವು ಅಷ್ಟೇನೂ ಫಲಕಾರಿಯಲ್ಲವೆಂದು ತೋರುತ್ತಿತ್ತೋ ಏನೋ.

ಹಾಗಾದರೆ ರೇಷ್ಮೆ ಮನೆಯಲ್ಲಿ ಲೇಪಿತ ಪರದೆಗೆ ಸ್ಥಾನವೇ ಇಲ್ಲವೇ? ಗೋಡೆಗೆ ಸಿಂಪಡಿಸಿದ ಔಷಧಕ್ಕಿಂತ ಪರದೆಯದು ನೂಲಿಗೆ ಬಂಧಿತವಾಗಿರುತ್ತದೆ, ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಅಪಾಯ ಕಡಿಮೆ, ಆದರೆ ಶೂನ್ಯವಲ್ಲ. ಹೊಸ ಪರದೆಯನ್ನು ಮುಟ್ಟಿದ ಕೈಯಲ್ಲೇ ಸೊಪ್ಪು ಹಾಕಿದರೆ, ಒಗೆದ ಪರದೆಯನ್ನು ಹಿಪ್ಪುನೇರಳೆ ಗಿಡದ ಮೇಲೆ ಹರವಿದರೆ ಹುಳುವಿಗೆ ವಿಷ ತಲಪುತ್ತದೆ. ಹುಳುಮನೆಯ ಕಿಟಕಿಗೆ ಇಂತಹ ಪರದೆಯನ್ನು ಕಟ್ಟಲೇಬಾರದು. ಈ ಎಚ್ಚರಿಕೆ ಅನಗತ್ಯವಲ್ಲ: 1980ರಲ್ಲಿ ಪಶ್ಚಿಮ ಬಂಗಾಳದಿಂದ ಊಜಿ ನೊಣವು ಕರ್ನಾಟಕಕ್ಕೆ ಬಂದ ಮೇಲೆ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಕಟ್ಟುವುದು ಇಲ್ಲಿ ಸಾಮಾನ್ಯ. ಉಚಿತವಾಗಿ ಸಿಕ್ಕ ಪರದೆಯೊಂದು ಆ ಕೆಲಸಕ್ಕೆ ಹೋಗುವುದು ಅಸಂಭವವೇನಲ್ಲ. ಒಗೆದ ನೀರನ್ನು ಕೆರೆ ಬಾವಿಗಳಿಗೆ ಚೆಲ್ಲುವುದೂ ಕೂಡದು. ಪೈರೆಥ್ರಾಯ್ಡ್ ಮೀನುಗಳಿಗೆ ಉಗ್ರ ವಿಷ. ಬಾವಿಯ ಗಪ್ಪಿಗಳನ್ನು ಕೊಂದು ಸೊಳ್ಳೆಮರಿಗಳಿಗೆ ದಾರಿ ಬಿಟ್ಟುಕೊಟ್ಟಂತೆ ಆಗುತ್ತದೆ. ಹೀಗೆ ಎರಡು ಒಳ್ಳೆಯ ಸಾಧನಗಳು ಒಂದನ್ನೊಂದು ಕೆಡಿಸಬಲ್ಲವು ಎಂಬುದನ್ನೂ ಮೌಲ್ಯಮಾಪನವು ಗಣನೆಗೆ ತೆಗೆದುಕೊಳ್ಳಬೇಕು.

ಈ ಭಾಗದಲ್ಲಿ ಇನ್ನೊಂದು ಗೊಂದಲವೂ ಇದೆ. ಅಂತರ್ಜಲ ಕುಸಿದು ಹಿಂದಿನ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳೇ ಆಧಾರವಾಗಿವೆ. ಬಾವಿ ಬತ್ತಿದಲ್ಲಿ ಮೀನೂ ಇಲ್ಲ, ಸೊಳ್ಳೆಮರಿಯೂ ಇಲ್ಲ. ಅಂತಹ ವರ್ಷದಲ್ಲಿ ಪರದೆ ಹಂಚಿ, ರೋಗ ತಗ್ಗಿತೆಂದು ವರದಿ ಬರೆದರೆ ಬರಗಾಲದ ಕೆಲಸವನ್ನು ಪರದೆಯ ಹೆಸರಿಗೆ ಬರೆದಂತಾಗುತ್ತದೆ. ಹೋಲಿಕೆಯ ಹಳ್ಳಿಗಳು ಬೇಕೆನ್ನುವುದು ಇದಕ್ಕಾಗಿ.

ಪ್ರಕರಣಗಳು ವಿರಳವಾದಾಗ

ಒಂದು ಪ್ರದೇಶದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಎಷ್ಟು ಮಲೇರಿಯ ಪ್ರಕರಣಗಳು ದೃಢಪಟ್ಟವು ಎಂಬುದನ್ನು ವಾರ್ಷಿಕ ಪರಾವಲಂಬಿ ಸೂಚ್ಯಂಕ ಎನ್ನುತ್ತಾರೆ. ಇಂದು ಕರ್ನಾಟಕದ ಒಟ್ಟಾರೆ ಸೂಚ್ಯಂಕ ಒಂದಕ್ಕಿಂತ ಕಡಿಮೆ. ಸಂತೋಷದ ಸಂಗತಿಯೇ ಆದರೂ ಮೌಲ್ಯಮಾಪಕರಿಗೆ ಇದರಿಂದ ಕಷ್ಟ ಹೆಚ್ಚು. ಉದಾಹರಣೆಗೆ, ಎರಡು ಸಾವಿರ ಜನರ ಹಳ್ಳಿಯಲ್ಲಿ ಕಳೆದ ವರ್ಷ ಎರಡು ಪ್ರಕರಣಗಳಿದ್ದು ಈ ವರ್ಷ ಒಂದಾದರೆ, ಕಾಗದದ ಮೇಲೆ ಅದು ಶೇ. 50ರ ಇಳಿಕೆ. ವಾಸ್ತವದಲ್ಲಿ ಅದು ಕೇವಲ ಆಕಸ್ಮಿಕವಿರಬಹುದು. ಇಂತಹ ಕಡೆ ರೋಗದ ಎಣಿಕೆಗೆ ಬದಲಾಗಿ ಮುಂಜಾನೆ ಟಾರ್ಚು ಮತ್ತು ಹೀರುನಳಿಕೆ ಹಿಡಿದು ಮನೆ, ಕೊಟ್ಟಿಗೆಗಳಲ್ಲಿ ಗಂಟೆಗೆ ಎಷ್ಟು ಸೊಳ್ಳೆ ಸಿಕ್ಕವೆಂದು ಎಣಿಸುವುದು, ಅವುಗಳಲ್ಲಿ ಮನುಷ್ಯರಕ್ತ ಹೀರಿದವೆಷ್ಟು ಎಂದು ಪರೀಕ್ಷಿಸುವುದು, ಪರದೆಯ ಬಳಕೆಯನ್ನು ಅಳೆಯುವುದು ಇವೇ ಆಧಾರಗಳಾಗುತ್ತವೆ.

ಮಂಗಳೂರಿನ ಸ್ಥಿತಿ ಬೇರೆ. 1990ರ ದಶಕದಿಂದ ಅಲ್ಲಿ ಕಟ್ಟಡ ನಿರ್ಮಾಣ ಹೆಚ್ಚಿದಂತೆ, ನಿಂತ ನೀರಿನಲ್ಲಿ ಬೆಳೆಯುವ ಸ್ಟೀಫೆನ್ಸಿಯಿಂದ ಮಲೇರಿಯವೂ ಹಬ್ಬಿತು. ವಲಸೆ ಬಂದ ಕಟ್ಟಡ ಕಾರ್ಮಿಕರು ಮುಖ್ಯವಾಗಿ ಬಾಧಿತರು. ಕಿಟಕಿ ಬಾಗಿಲುಗಳಿಲ್ಲದ ಅರೆಬರೆ ಕಟ್ಟಡದಲ್ಲಿ ಸಾಲಾಗಿ ಮಲಗುವವರಿಗೆ ಪರದೆ ಕಟ್ಟಲು ಮೊಳೆಯೂ ಇರುವುದಿಲ್ಲ; ಕೆಲಸ ಮುಗಿದೊಡನೆ ಅವರು ಬೇರೆ ಊರಿಗೆ ಹೋಗುತ್ತಾರೆ. ಪರದೆಯನ್ನು ಮನೆಯ ಲೆಕ್ಕದಲ್ಲಿ ಹಂಚುವ ಪದ್ಧತಿಗೆ ಈ ಜನ ಸಿಗುವುದೇ ಇಲ್ಲ.

ಬಳಕೆ ಮತ್ತು ಬಾಳಿಕೆ

ಎಷ್ಟು ಪರದೆ ಹಂಚಲಾಯಿತು ಎಂಬುದು ಒಂದು ಅಂಕಿ, ನಿನ್ನೆ ರಾತ್ರಿ ಎಷ್ಟು ಜನ ಅದರಡಿ ಮಲಗಿದ್ದರು ಎಂಬುದು ಇನ್ನೊಂದು. ಸಮೀಕ್ಷೆಯಲ್ಲಿ ‘ಪರದೆ ಬಳಸುತ್ತೀರಾ?’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ‘ನಿನ್ನೆ ರಾತ್ರಿ ಯಾರು ಯಾರು ಮಲಗಿದ್ದರು?’ ಎಂದು ಕೇಳಿ, ಕಟ್ಟಿರುವ ಪರದೆಯನ್ನು ಕಣ್ಣಾರೆ ನೋಡುವುದು ಸರಿಯಾದ ಕ್ರಮ. ಬೇಸಿಗೆಯಲ್ಲಿ ಸೆಕೆಯೆಂದು ಜಗಲಿಯ ಮೇಲೋ ತಾರಸಿಯ ಮೇಲೋ ಮಲಗುವವರು, ರಾತ್ರಿ ಪಂಪಿನ ಕರೆಂಟಿಗಾಗಿ ತೋಟಕ್ಕೆ ಹೋಗುವವರು, ಹುಳುವಿಗೆ ಸೊಪ್ಪು ಹಾಕಲು ನಡುರಾತ್ರಿ ಏಳುವವರು ಪರದೆ ಇದ್ದೂ ಹೊರಗುಳಿಯುತ್ತಾರೆ.

ಹರಿದ ಪರದೆಯನ್ನು ಅಳೆಯಲೂ ಒಂದು ಲೆಕ್ಕವಿದೆ. ಹೆಬ್ಬೆರಳು ತೂರುವಷ್ಟು, ಅಂದರೆ ಅರ್ಧದಿಂದ 2 ಸೆಂಟಿಮೀಟರಿನ ತೂತಿಗೆ 1 ಅಂಕ. ಮುಷ್ಟಿ ತೂರುವ, 10 ಸೆಂಟಿಮೀಟರಿನವರೆಗಿನ ತೂತಿಗೆ 23. ತಲೆ ತೂರುವ, 25 ಸೆಂಟಿಮೀಟರಿನವರೆಗಿನದಕ್ಕೆ 196. ಅದಕ್ಕೂ ದೊಡ್ಡದಕ್ಕೆ 576. ಒಟ್ಟು ಅಂಕ 64ರೊಳಗಿದ್ದರೆ ಪರದೆ ಸುಸ್ಥಿತಿಯಲ್ಲಿದೆ, 642ನ್ನು ಮೀರಿದರೆ ಉಪಯೋಗಕ್ಕಿಲ್ಲ. ಇದರಂತೆ ಎರಡು ಮುಷ್ಟಿ ಗಾತ್ರದ ತೂತುಗಳಿರುವ ಪರದೆ (46) ಇನ್ನೂ ಸುಸ್ಥಿತಿಯದೇ. ಮೂರನೆಯದು ಬಿದ್ದರೆ (69) ಕೆಳಗಿನ ದರ್ಜೆಗೆ ಇಳಿಯುತ್ತದೆ. ಸೂಜಿದಾರದಿಂದ ಒಂದು ತೂತು ಹೊಲಿದರೂ ಪರದೆಯ ಆಯುಷ್ಯ ಹೆಚ್ಚುತ್ತದೆ. ದೀರ್ಘಬಾಳಿಕೆಯ ಪರದೆಗೆ ಮೂರು ವರ್ಷವೆಂದು ಲೆಕ್ಕವಿದ್ದರೂ ಒಲೆಯ ಕಿಡಿ, ಇಲಿ, ಮಂಚದ ಮೊಳೆ ಇವು ಆ ಲೆಕ್ಕವನ್ನು ಕೇಳುವುದಿಲ್ಲ.

ಕೀಟನಾಶಕ ನಿರೋಧತೆ

ಪರದೆಗಳೆಲ್ಲ ಒಂದೇ ಗುಂಪಿನ ಔಷಧವನ್ನು ಅವಲಂಬಿಸಿದ್ದರಿಂದ ಸೊಳ್ಳೆಗಳು ಅದಕ್ಕೂ ಒಗ್ಗಿಕೊಳ್ಳತೊಡಗಿವೆ. ಭಾರತದಲ್ಲಿ ಕ್ಯೂಲಿಸಿಫೇಸಿಸ್ ಸೊಳ್ಳೆಯು ಡಿಡಿಟಿ ಮತ್ತು ಮ್ಯಾಲಥಿಯಾನ್‌ಗಳಿಗೆ ಬಹುಕಡೆ ನಿರೋಧತೆಯನ್ನು ಗಳಿಸಿದ್ದು, ಕೆಲವೆಡೆ ಡೆಲ್ಟಾಮೆಥ್ರಿನ್‌ಗೂ ಮಣಿಯದಾಗಿದೆ. ಸೊಳ್ಳೆಯ ದೇಹವು ವಿಷವನ್ನು ಅರಗಿಸಿಕೊಳ್ಳುವುದನ್ನು ತಡೆಯುವ ಪಿಬಿಒ ಎಂಬ ವಸ್ತುವನ್ನು ಬೆರೆಸಿದ ಪರದೆಗಳು ಇದಕ್ಕೆ ಬಂದ ಒಂದು ಉತ್ತರ. ತಾಂಜಾನಿಯದ ಮುಲೇಬಾ ಎಂಬಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಸಾಮಾನ್ಯ ಲೇಪಿತ ಪರದೆಗಿಂತ ಅದು ಮೇಲೆಂದು ತೋರಿಸಿತು. 2023ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಬೇರೆಯೇ ರೀತಿಯಲ್ಲಿ ಸೊಳ್ಳೆಯನ್ನು ಕೊಲ್ಲುವ ಕ್ಲೋರ್‌ಫೆನಪೈರ್ ಅನ್ನು ಪೈರೆಥ್ರಾಯ್ಡ್ ಜೊತೆ ಸೇರಿಸಿದ ಪರದೆಯನ್ನು ಶಿಫಾರಸು ಮಾಡಿದೆ. ಕ್ಲೋರ್‌ಫೆನಪೈರ್ ಸೊಳ್ಳೆಯನ್ನು ನಿಧಾನವಾಗಿ ಕೊಲ್ಲುವುದರಿಂದ 24 ಗಂಟೆಗಳ ಹಳೆಯ ಲೆಕ್ಕ ಅದಕ್ಕೆ ಸಾಲದು. ಸೊಳ್ಳೆಗಳನ್ನು 72 ಗಂಟೆಗಳವರೆಗೂ ಇಟ್ಟು ನೋಡಬೇಕಾಗುತ್ತದೆ.

ಭಾರತವು 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಚೌಕಟ್ಟಿನಂತೆ 2030ರೊಳಗೆ ಮಲೇರಿಯವನ್ನು ದೇಶದಿಂದ ನಿವಾರಿಸುವ ಗುರಿಯಿದೆ. 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡ ಸ್ಟೀಫೆನ್ಸಿ ಸೊಳ್ಳೆಯು ಅಲ್ಲಿಂದೀಚೆಗೆ ಆ ಖಂಡದ ನಗರಗಳಲ್ಲಿ ಹರಡುತ್ತಿದ್ದು, ಪರದೆಗೆ ಸುಲಭವಾಗಿ ಸಿಗದ ಈ ನಗರವಾಸಿ ಸೊಳ್ಳೆಯ ವಿಷಯದಲ್ಲಿ ಮಂಗಳೂರು, ಬೆಂಗಳೂರುಗಳ ಅನುಭವವು ಈಗ ಅಲ್ಲಿನವರಿಗೂ ಪ್ರಸ್ತುತವಾಗಿದೆ.